ವಾಟರ್ ಪಾರ್ಕಿನಲ್ಲಿ ಬೀಗರ ಬೇಟೆ

ಇಷ್ಟೆಲ್ಲ ರಾಮಾಯಣ ಶುರುವಾದದ್ದು ಸಕ್ಕೂಬಾಯಿ ಒಂದು ಗುಟ್ಟು ಹೇಳಲು ಬಂದದ್ದರಿಂದ. ಕಲಬುರ್ಗಿಯ ಜೇವರ್ಗಿ ಕಾಲೋನಿಯಲ್ಲಿ ಸಕ್ಕೂಬಾಯಿಯ ಕಿವಿಗೆ ಮಾತು ಹಾಕುವುದೂ ಒಂದೇ, ಬೀದಿಯಲ್ಲಿ ಡಂಗುರ ಸಾರಿಸುವುದೂ ಒಂದೇ. ಆದರೂ ಓಣಿಯ ಅರ್ಧ ಮದುವೆಗಳನ್ನು ಕುದುರಿಸಿದವಳು ಆಕೆ. ಹೆಣ್ಣು ಹೆತ್ತವರು ಆಕೆಗೆ ಚಹಾ ಕೊಡದೆ ಕಳಿಸುವಂತಿಲ್ಲ.

“ಪ್ರಹ್ಲಾದಾ, ಬಾಗಲಾ ಮುಂದ ಮಾಡು,” ಎಂದು ಆಕೆ ದನಿ ತಗ್ಗಿಸಿದಳು. “ಸೊಲ್ಲಾಪುರದ ಸಂಬಂಧ ಹೇಳಿದ್ನಲ್ಲ, ಬ್ಯಾಂಕಿನ ಹುಡುಗ? ಅವರು ನಾಳೆ ಹುಡುಗೀನ್ನ ನೋಡ್ತಾರ.”

“ನಾಳೇನ? ಮನಿಗೆ ಸುಣ್ಣಾ ಸುದ್ದಾ ಹಚ್ಚಿಲ್ಲಲ್ಲ, ಸಕ್ಕೂಬಾಯಿ!”

“ಮನಿಗೆ ಯಾರು ಬರ್ತಾರೋ! ಸೀರಿ ಉಡಿಸಿ, ಕೈಯಾಗ ಉಪ್ಪಿಟ್ಟಿನ ತಾಟು ಕೊಟ್ರ ಎಲ್ಲಾ ಹುಡುಗ್ಯಾರೂ ಗೌರಮ್ಮನ್ಹಂಗ ಕಾಣ್ತಾರಂತ. ಫೋಟೋನೂ ಬ್ಯಾಡ ಅಂದಾಳ ಹುಡುಗನ ತಾಯಿ. ತನ್ನ ಪಾಡಿಗೆ ತಾನು ಇದ್ದಾಗ ಹುಡುಗಿ ಹೆಂಗಿರ್ತಾಳ, ಅದು ನೋಡ್ಬೇಕಂತ ಆಕೀಗೆ. ಕಮಲಾಪುರದ ಆಚೆ ಹೊಸಾ ನೀರಿನ ಪಾರ್ಕ್ ಆಗ್ಯದಲ್ಲ, ಅಲ್ಲಿಗೆ ಹೆಂಡ್ತಿ ಮಗಳನ್ನ ಕರಕೊಂಡು ಹೋಗು. ಕರೀ ಛತ್ರಿ ಹಿಡದ ರಾಯರು ಅಂತ ನಿನ್ನ ಗುರ್ತು ಹೇಳೀನಿ.”

“ಅವರ ಗುರ್ತು?”

“ಹೇಳೂಹಂಗಿಲ್ಲ, ಆಣಿ ಹಾಕ್ಸ್ಯಾರ. ವನಮಾಲಾಗೂ ಸುಳಿವು ಹತ್ತಬಾರದು, ನೋಡು ಮತ್ತ!”

ಪ್ರಹ್ಲಾದರಾಯರು ಆಡಿಟ್ ಶಾಖೆಯ ನೌಕರರು. ಊರವರನ್ನೆಲ್ಲ ಸಂಶಯಿಸಿ ಸಂಬಳ ಪಡೆಯುವ ಕೆಲಸ. ಆ ಸಂಶಯ ಕಚೇರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು, ಆದರೆ ಅದು ಸಂಜೆ ಅವರೊಂದಿಗೇ ಮನೆಗೆ ಬಂದು ಊಟಕ್ಕೆ ಕೂರುತ್ತಿತ್ತು. ಹಾಲಿನವಳು ನಕ್ಕರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾಳೆ ಎನ್ನುವರು. ಪಕ್ಕದ ಮನೆಯವರು ಹೋಳಿಗೆ ಕೊಟ್ಟರೆ ಏನು ಕೇಳಲು ಬರುತ್ತಾರೋ ಎಂದು ಕಾಯುವರು. ಮಗಳು ವನಮಾಲಾ ಈ ಮನೆಯಲ್ಲಿ ನಗುವುದನ್ನೇ ಮರೆತು ಬೆಳೆದಿದ್ದಳು. ಈ ಹಿಂದೆ ಬಂದ ಎರಡು ಸಂಬಂಧದವರೂ “ಹುಡುಗಿ ಮಾರಿ ಗಂಟು ಹಾಕ್ಕೊಂಡೇ ಇರ್ತಾಳ” ಎಂದು ಎದ್ದುಹೋಗಿದ್ದರು. ಸೊಲ್ಲಾಪುರದ ಈ ಸಂಬಂಧವೂ ತಪ್ಪಿದರೆ ಗತಿಯೇನು ಎಂದು ರಾಯರಿಗೆ ಊಟ ಸೇರದಾಗಿತ್ತು.

ಮರುದಿನ ಐತವಾರ. ಮೇ ತಿಂಗಳ ಬಿಸಿಲಿನಲ್ಲಿ ರಾಯರು ಇಸ್ತ್ರಿ ಧೋತರ ಉಟ್ಟು, ಕರಿ ಛತ್ರಿ ಹಿಡಿದು ಹೆಂಡತಿ ಭಾಗೀರಥಿಬಾಯಿಯನ್ನೂ ಮಗಳನ್ನೂ ಬಸ್ಸು ಹತ್ತಿಸಿದರು.

“ಅಪ್ಪಾ, ಇವತ್ತೇನು ಮಳಿ ಬರ್ತದೇನು?” ಎಂದಳು ವನಮಾಲಾ.

“ಸುಮ್ನ ಕೂಡು. ನಗುನಗುತಾ ಇರು,” ಎಂದು ರಾಯರು ಗದರಿದರು.

ಕಮಲಾಪುರದಲ್ಲಿ ಒಂದು ದೊಡ್ಡ ಸಂಸಾರ ಬಸ್ಸು ಹತ್ತಿತು. ಗಂಡ, ಹೆಂಡತಿ, ಅವರ ಮಕ್ಕಳು, ಅಕ್ಕ ತಂಗಿಯರ ಮಕ್ಕಳು, ಜೊತೆಗೆ ಒಂದು ಬುಟ್ಟಿ ಕೆಂಪು ಬಾಳೆಹಣ್ಣು. ಗಂಡಸು ರಾಯರ ಪಕ್ಕದಲ್ಲೇ ಕೂತು, ಕೇಳದಿದ್ದರೂ ತನ್ನ ಪರಿಚಯ ಹೇಳಿಕೊಂಡ. ಹೆಸರು ಅಂಬಣ್ಣ, ಬಸ್ ಡಿಪೋದಲ್ಲಿ ಡ್ರೈವರ್, ಇವತ್ತು ರಜೆ, ಮಕ್ಕಳಿಗೆ ನೀರಾಟ ಆಡಿಸಬೇಕು.

“ತಿನ್ರೀ ಸಾಹೇಬರ, ನಮ್ಮ ಹಿತ್ತಲದ್ದೇ ಹಣ್ಣು.”

ರಾಯರು ಹಣ್ಣನ್ನು ಎರಡೇ ಬೆರಳಲ್ಲಿ ಹಿಡಿದರು. ರೈಲಿನಲ್ಲಿ ಬಿಸ್ಕೀಟು ಕೊಟ್ಟು, ಎಚ್ಚರ ತಪ್ಪಿಸಿ, ಮೈಮೇಲಿನ ಬಂಗಾರ ಬಿಚ್ಚಿಕೊಂಡ ಸುದ್ದಿ ಮೊನ್ನೆಯಷ್ಟೇ ಪೇಪರಿನಲ್ಲಿ ಬಂದಿತ್ತು. ಹಣ್ಣನ್ನು ತಿರುಗಿಸಿ ಮುರುಗಿಸಿ ಸಿಪ್ಪೆಯಲ್ಲಿ ಸೂಜಿ ಚುಚ್ಚಿದ ಗುರುತು ಹುಡುಕಿದರು. ಅವರು ಹುಡುಕಿ ಮುಗಿಸುವುದರೊಳಗೆ ಭಾಗೀರಥಿಬಾಯಿ ಎರಡು ಹಣ್ಣು ತಿಂದು ಮುಗಿಸಿ, ಅಂಬಣ್ಣನ ಹೆಂಡತಿ ಹಣಮಮ್ಮನ ಜೊತೆ ಉಪ್ಪಿನಕಾಯಿಯ ಮಾತಿಗೆ ಇಳಿದಿದ್ದರು.

“ಗುರ್ತಿಲ್ಲದವರು ಇಷ್ಟು ಪ್ರೀತಿ ಯಾಕ ಮಾಡ್ತಾರ?” ಎಂದು ರಾಯರು ಇಳಿಯುವಾಗ ಹೆಂಡತಿಯ ಕಿವಿಯಲ್ಲಿ ಉಸುರಿದರು. “ಏನೋ ಮಸಲತ್ತು ಅದ. ಮಂಗಳಸೂತ್ರ ಸೆರಗಿನಾಗ ಮುಚ್ಕೊ.”

“ನಿಮ್ಮ ಬುದ್ಧೀನ್ನ ಮೊದಲ ಮುಚ್ಚಿಡ್ರಿ,” ಎಂದರು ಭಾಗೀರಥಿಬಾಯಿ.

ಪಾರ್ಕಿನೊಳಗೆ ಜಾತ್ರೆಯಷ್ಟು ಜನ. ಸ್ಪೀಕರಿನಲ್ಲಿ ಹಾಡು ಅರಚುತ್ತಿತ್ತು. ಮೇಲಿನಿಂದ ಕೆಳಗೆ ಸುತ್ತಿಕೊಂಡು ಇಳಿಯುವ ನೀಲಿ ಜಾರುಬಂಡಿಯಿಂದ ಮಂದಿ ಕಿರುಚುತ್ತ ನೀರಿಗೆ ಬೀಳುತ್ತಿದ್ದರು. ಇಷ್ಟು ಮಂದಿಯಲ್ಲಿ ಬೀಗರು ಯಾರು? ಐಸ್‌ಕ್ರೀಮ್ ನೆಕ್ಕುತ್ತಿರುವ ಮುದುಕನೋ? ಕಪ್ಪು ಕನ್ನಡಕದ ಹೆಂಗಸೋ? ರಾಯರು ಛತ್ರಿ ಎತ್ತರಕ್ಕೆ ಹಿಡಿದು, ಎದುರಾದವರಿಗೆಲ್ಲ ಅರ್ಧ ನಗೆ ಬೀರುತ್ತ ನಡೆದರು. ಪೂರ್ತಿ ನಕ್ಕರೆ ಬೀಗರಲ್ಲದವರಿಗೆ ವ್ಯರ್ಥ, ನಗದಿದ್ದರೆ ಬೀಗರಿಗೆ ಅವಮಾನ.

ಅಷ್ಟರಲ್ಲಿ ಹಣಮಮ್ಮ “ಬಾ ಯವ್ವಾ, ದಂಡಿಮ್ಯಾಗ ಏನು ನೋಡ್ತಿ?” ಎಂದು ವನಮಾಲಾಳ ಕೈ ಹಿಡಿದು ನೀರಿಗೆ ಎಳೆದೇಬಿಟ್ಟಳು. ಅಂಬಣ್ಣನ ಮಕ್ಕಳು ಸುತ್ತ ನಿಂತು ನೀರೆರಚಿದರು. ರಾಯರು ತಡೆಯಲು ಹೊರಟವರು ಥಟ್ಟನೆ ನಿಂತರು. ಎದುರಿಗೆ ಬೇವಿನ ಗಿಡದ ಕೆಳಗೆ, ಆ ಸುಡುಬಿಸಿಲಿನಲ್ಲಿ ಕೆಂಪು ಶಾಲು ಹೊದ್ದ ಹಿರಿಯರೊಬ್ಬರು ತಮ್ಮನ್ನೇ ದಿಟ್ಟಿಸುತ್ತಿದ್ದರು. ಹಣೆಯಲ್ಲಿ ಅಂಗಾರ ಅಕ್ಷತೆ, ಪಕ್ಕದಲ್ಲಿ ನತ್ತಿಟ್ಟ ಹೆಂಡತಿ, ಒಬ್ಬ ಮಗಳು. ವಾಟರ್ ಪಾರ್ಕಿಗೆ ಶಾಲು ಹೊದ್ದು ಬರುವ ದರ್ಪ ಗಂಡಿನ ಕಡೆಯವರಿಗಲ್ಲದೆ ಇನ್ನಾರಿಗಿದ್ದೀತು! ಆ ಹುಡುಗಿ ವನಮಾಲಾಳ ನಾದಿನಿ ಆಗುವವಳು, ಖಂಡಿತ.

ರಾಯರು ಹೋಗಿ ಕೈ ಮುಗಿದರು. ಅವರು ಇನ್ನೂ ಬಾಗಿ ಮುಗಿದರು. ಹಣಮಂತರಾಯರಂತೆ, ಕುಸನೂರ ಕಡೆ ಹೊಸ ಮನೆಯಂತೆ. ಸೊಲ್ಲಾಪುರದ ಹೆಸರೆತ್ತಲಿಲ್ಲ. ಎಷ್ಟು ಚೆನ್ನಾಗಿ ಗುಟ್ಟು ಕಾಯುತ್ತಾರೆ ಎಂದು ರಾಯರು ಮನಸ್ಸಿನಲ್ಲೇ ಮೆಚ್ಚಿದರು.

“ನೀವು ಕೂಡ್ರಿ, ರಾಯರ.”

“ಛೇ ಛೇ, ನೀವು ಮೊದಲು.”

ಇಬ್ಬರೂ ಕೂರಲಿಲ್ಲ. ಖಾಲಿ ಕುರ್ಚಿಯನ್ನು ಮೂರನೆಯವನೊಬ್ಬ ಎತ್ತಿಕೊಂಡು ಹೋದ. ರಾಯರು ನಾದಿನಿಗೆ ಐಸ್‌ಕ್ರೀಮ್ ಕೊಡಿಸಿದರೆ, ಹಣಮಂತರಾಯರು ಓಡಿಹೋಗಿ ವನಮಾಲಾಗೆ ಕುಲ್ಫಿ ತಂದರು. ರಾಯರು ಛತ್ರಿಯನ್ನು ಅವರ ತಲೆಯ ಮೇಲೆ ಹಿಡಿದರೆ, ಅವರು ಶಾಲು ತೆಗೆದು ರಾಯರ ಬೆವರು ಒರೆಸಲು ಬಂದರು. ಬೀಗರು ಇಷ್ಟು ಮೃದುವಾಗಿದ್ದಾರೆಂದರೆ ಒಳಗೆ ವರದಕ್ಷಿಣೆಯ ಬಾಣ ಇರಲೇಬೇಕು ಎಂದು ರಾಯರಿಗೆ ಹೊಸ ಸಂಶಯ ಹುಟ್ಟಿತು.

“ಜಾರುಬಂಡಿ ಭಾಳ ಮಜಾ ಇರಬೇಕು, ಅಲ್ಲೇನ್ರಿ?” ಎಂದರು ಹಣಮಂತರಾಯರು, ಸುಮ್ಮನೆ ಮಾತಿಗೆ.

ರಾಯರಿಗೆ ಅದು ಬೀಗರ ಅಪ್ಪಣೆಯಂತೆ ಕೇಳಿಸಿತು. “ನಿಮ್ಮ ಇಚ್ಛಾ ಇದ್ರ ಹೋಗೂಣ್ರಿ!”

ಒಬ್ಬರಿಗೂ ಮನಸ್ಸಿರಲಿಲ್ಲ, ಒಬ್ಬರೂ ಬೇಡ ಎನ್ನಲಿಲ್ಲ. ಐದೇ ನಿಮಿಷದಲ್ಲಿ ಇಬ್ಬರು ಗೃಹಸ್ಥರು ಮೇಲಿನಿಂದ “ಹರೇ ಶ್ರೀನಿವಾಸಾ!” ಎಂದು ಕೂಗುತ್ತ ಜಾರಿ ಬಂದರು. ಮೊದಲು ಹಣಮಂತರಾಯರು ಬಂದರು, ಹಿಂದೆ ಪ್ರಹ್ಲಾದರಾಯರು ಬಂದರು, ಅವರ ಹಿಂದೆ ಅವರ ಧೋತರ ಬೇರೆಯಾಗಿ ಬಂತು.

ಕಂಠಮಟ್ಟ ನೀರಿನಲ್ಲಿ ಕೂತು ರಾಯರು ಎದ್ದೇಳಲಾರದೆ ಒದ್ದಾಡುತ್ತಿದ್ದಾಗ ಅಂಬಣ್ಣನೇ ಧುಮುಕಿ ಬಂದ. ತನ್ನ ಟವೆಲ್ಲನ್ನು ಅವರ ಸೊಂಟಕ್ಕೆ ಸುತ್ತಿ, ಮಗುವನ್ನು ಎತ್ತುವ ಹಾಗೆ ಎತ್ತಿ ದಂಡೆಗೆ ತಂದು ಕೂರಿಸಿದ. ಧೋತರ ಹಿಂಡಿ ತಂತಿಯ ಮೇಲೆ ಒಣಗಲು ಹಾಕಿದ. ಬೇರೆಯವರಾದರೆ ಕೈ ಮುಗಿಯುತ್ತಿದ್ದರು. ನಮ್ಮ ರಾಯರು ಜನಿವಾರಕ್ಕೆ ಕಟ್ಟಿದ್ದ ಕೀಲಿಕೈ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಅದು ಇತ್ತು.

ಹೆಂಗಸರೆಲ್ಲ ಮಂಡಕ್ಕಿಯ ಗಿರಮಿಟ್ಟು ತರಲು ಹೋಗಿದ್ದರು, ಹಣಮಂತರಾಯರು ಬಟ್ಟೆ ಬದಲಿಸಲು ಹೋಗಿದ್ದರು. ರಾಯರು ಟವೆಲ್ಲಿನಲ್ಲಿ ಒಬ್ಬರೇ ಕೂತಿದ್ದಾಗ, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ಯುವಕನೊಬ್ಬ ಹತ್ತಿರ ಬಂದ.

“ನಮಸ್ಕಾರ್ರಿ. ಆ ನೀರಾಗಿನ ಹಳದಿ ಚೂಡಿದಾರದವರು ನಿಮ್ಮ ಮಗಳೇನ್ರಿ? ನಗೂ ಹೊತ್ತಿಗೆ ಬರೋಬ್ಬರಿ ಒಂದು ಫೋಟೋ ಸಿಕ್ಕದ.”

ಕೇಳದೇ ಫೋಟೋ ಹೊಡೆದು, ಆಮೇಲೆ ಕೊಳ್ಳಿರೆಂದು ಬೆನ್ನು ಹತ್ತುವ ಈ ಜಾತಿಯನ್ನು ರಾಯರು ಚೆನ್ನಾಗಿ ಬಲ್ಲರು. ಮೇಲಾಗಿ, ಮದುವೆಯಾಗದ ಹುಡುಗಿಯ ಫೋಟೋ ಪರಪುರುಷನ ಬಳಿ ಇದೆ ಎಂದು ಬೀಗರಿಗೆ ತಿಳಿದರೆ?

“ನಮ್ಮಾಕಿ ಅಲ್ಲ,” ಎಂದರು.

“ಅಲ್ಲೇನ್ರಿ? ನಿಮ್ಮ ಜೋಡೀನೇ ಬಂದ್ರಲ್ಲ?”

“ಬಸ್ಸಿನಾಗ ನೂರು ಮಂದಿ ಜೋಡಿ ಬರ್ತಾರ. ನನ್ನ ಮಗಳು ಮನಿಯಾಗ ಇದ್ದಾಳ. ಹೋಗಪಾ, ಬ್ಯಾರೆ ಗಿರಾಕಿ ನೋಡ್ಕೋ.”

ಯುವಕ ಒಂದು ಗಳಿಗೆ ಅವರನ್ನೇ ನೋಡಿ ಹೊರಟುಹೋದ. ಇವತ್ತು ಒಬ್ಬ ಮೋಸಗಾರನನ್ನಾದರೂ ಓಡಿಸಿದೆನಲ್ಲ ಎಂದು ರಾಯರಿಗೆ ಸಮಾಧಾನವಾಯಿತು.

ಸಂಜೆಯಾಯಿತು. ವನಮಾಲಾ ನೀರಿನಿಂದ ಎದ್ದು ಬಂದಾಗ ರಾಯರಿಗೆ ತಟ್ಟನೆ ಗುರುತೇ ಹತ್ತಲಿಲ್ಲ. ಕೂದಲು ಮುಖಕ್ಕೆಲ್ಲ ಅಂಟಿತ್ತು, ಅಂಬಣ್ಣನ ಸಣ್ಣ ಮಗಳು ಸೊಂಟದ ಮೇಲಿದ್ದಳು, ನಗು ಇನ್ನೂ ನಿಂತಿರಲಿಲ್ಲ. ಭಾಗೀರಥಿಬಾಯಿಯ ಕಾಲುಗಳೂ ಮೊಣಕಾಲುಮಟ್ಟ ಒದ್ದೆಯಾಗಿದ್ದವು.

ಗೇಟಿನ ಹತ್ತಿರ ಹಣಮಂತರಾಯರು ರಾಯರನ್ನು ಪಕ್ಕಕ್ಕೆ ಕರೆದರು. ರಾಯರಿಗೂ ಅದೇ ಬೇಕಾಗಿತ್ತು. ಇಬ್ಬರೂ ಕೆಮ್ಮಿದರು, ಇಬ್ಬರೂ ಒಟ್ಟಿಗೇ ಬಾಯಿಬಿಟ್ಟರು.

“ನಮ್ಮ ಹುಡುಗಿ ಹೆಂಗನಿಸ್ಯಾಳ್ರಿ ನಿಮಗ?”



“ನಿಮ್ಮ ಹುಡುಗಿ? ಮತ್ತ ನಿಮ್ಮ ಬ್ಯಾಂಕಿನ ಮಗ?” ಎಂದರು ರಾಯರು.

“ನನಗ ಮಗಾ ಎಲ್ಲಿಂದ ಬರಬೇಕ್ರಿ? ನಿಮ್ಮ ಮಗ ಅಲ್ಲೇನು ಬ್ಯಾಂಕಿನಾಗಿರಾಂವ? ಸಕ್ಕೂಬಾಯಿ ಹೇಳಿದ್ಲಲ್ಲ, ಗುರ್ತಿಗೆ ಕೆಂಪು ಶಾಲು ಹೊದ್ಕೊಂಡು ಹೋಗ್ರಿ ಅಂತ! ಬಿಸಲಾಗ ಬೆಂದು ಹೋಗೀನ್ರೀ!”

ಒಂದೇ ಗಂಡಿಗೆ ಇಬ್ಬರನ್ನೂ ಕಳಿಸಿದ್ದಳು ಸಕ್ಕೂಬಾಯಿ. ದಿನವಿಡೀ ಇಬ್ಬರು ಹೆಣ್ಣಿನ ತಂದೆಯರು ಒಬ್ಬರಿಗೊಬ್ಬರು ಬೀಗರ ಉಪಚಾರ ಮಾಡಿಕೊಂಡಿದ್ದರು! ಐಸ್‌ಕ್ರೀಮು, ಕುಲ್ಫಿ, ಜಾರುಬಂಡಿ ಎಲ್ಲ ನೀರುಪಾಲು. ಹಣಮಂತರಾಯರು ಶಾಲನ್ನು ಕಂಕುಳಿಗೆ ತುರುಕಿ, ಹೋಗಿ ಬರುತ್ತೇನೆ ಎಂದೂ ಹೇಳದೆ ನಡೆದರು.

“ಮುಂದಿನ ಐತವಾರ ನಮ್ಮ ಮನಿಗೆ ಊಟಕ್ಕ ಬರ್ರೀ ಸಾಹೇಬರ,” ಎಂದು ಅಂಬಣ್ಣ ಕಮಲಾಪುರದಲ್ಲಿ ಇಳಿಯುವಾಗ ಕರೆದ. ರಾಯರು, ಊಟಕ್ಕೆ ಯಾಕೆ ಕರೆಯುತ್ತಾನೆ ಎಂದು ಕಲಬುರ್ಗಿ ಬರುವವರೆಗೂ ಯೋಚಿಸಿದರು.

ಮನೆಯ ಕಟ್ಟೆಯ ಮೇಲೆ ಸಕ್ಕೂಬಾಯಿ ಸೊಂಟಕ್ಕೆ ಸೆರಗು ಕಟ್ಟಿ ಕೂತಿದ್ದಳು.

“ಇಬ್ಬರನ್ನ ಕಳಿಸಿ ನಮ್ಮ ಮರ್ಯಾದಿ ತಗದೀಯಲ್ಲ!” ಎಂದು ರಾಯರು ಶುರುಮಾಡಿದರು. “ಬೀಗರಂತೂ ಬರಲೇ ಇಲ್ಲ.”

“ಬರಲಿಲ್ಲಾ? ಈಗ ಊರಿಗೆ ಹೋಗೂ ದಾರಿಯಾಗ ಹುಮನಾಬಾದದಿಂದ ಫೋನ್ ಮಾಡಿದ್ರಲ್ಲೋ! ಹುಡುಗ ನಿನ್ನ ಮುಂದನ ಬಂದು ನಿಂತಿದ್ನಂತ, ಕೊರಳಾಗ ಕ್ಯಾಮೆರಾ ಹಾಕ್ಕೊಂಡು.”

ರಾಯರು ಛತ್ರಿ ಬದಿಗಿಟ್ಟು ಕಟ್ಟೆಯ ಮೇಲೆ ಕೂತರು.

“ಹುಡುಗಿ ನಗೂದು ನೋಡಿ ಹುಚ್ಚನಾಗಿದ್ದನಂತ. ತಾಯಿನೂ, ಇಷ್ಟು ಮನಸು ಬಿಚ್ಚಿ ನಗೂ ಸೊಸಿ ಮನಿಗೆ ಬೇಕು ಅಂದಿದ್ಲಂತ. ಮಾತು ತಗೀಬೇಕಂತ ಬಂದ್ರ ನೀ ಏನಂದಿ? ನನ್ನ ಮಗಳಲ್ಲ, ನನ್ನ ಮಗಳು ಮನಿಯಾಗ ಇದ್ದಾಳ ಅಂದ್ಯಂತ!”

“ಫೋಟೋದಾಂವ ಅಂತ ತಿಳಕೊಂಡೆ…”

“ಹಣಮಂತರಾಯರೂ ಫೋಟೋದಾಂವ ಅಂತನ ತಿಳ್ಕೊಂಡ್ರು. ಆದ್ರ ನಮ್ಮ ಮಗಳ ಫೋಟೋ ಎರಡು ಕೊಡಪಾ ಅಂದ್ರು! ಗುರುವಾರ ಗಂಡಿನವರು ಅವರ ಮನಿಗೆ ಬರ್ಲಿಕ್ಕತ್ತಾರ. ನಿನ್ನ ಸುದ್ದಿ ಏನಂತಾರ ಗೊತ್ತದೇನು? ಮನಿಯಾಗ ಎಂಥಾ ಹುಡುಗೀನ್ನ ಮುಚ್ಚಿಟ್ಟಾನೋ, ತೋರಿಸ್ಲಿಕ್ಕೆ ಮಂದಿ ಹುಡುಗೀನ್ನ ಕರಕೊಂಡು ಬಂದಾನ ಅಂತ. ತೋರಿಸೂದು ಒಬ್ಬಾಕೀನ್ನ, ಮಂಟಪದಾಗ ನಿಲ್ಲಿಸೂದು ಇನ್ನೊಬ್ಬಾಕೀನ್ನ!”

“ನೀ ಹೇಳ್ಬೇಕಿತ್ತಲ್ಲ, ಆಕಿನೇ ನಮ್ಮ ವನಮಾಲಾ ಅಂತ!”

“ಹೇಳಿದೆ. ನೀನೂ ಇದರಾಗ ಶಾಮೀಲು ಅಂದ್ರು ನನಗ. ಅವರೇನು ಒಮ್ಮಿಗೇ ನಂಬ್ಯಾರಂತ ತಿಳ್ಕೊಂಡೀಯೇನು? ನಿನ್ನ ಮಾತು ಕೇಳಿದ ಮ್ಯಾಲ, ಆ ಹುಡುಗಿ ಜೋಡಿ ಇದ್ದ ಮಂದೀನ್ನೂ ಹೋಗಿ ಕೇಳ್ಯಾರ. ಅಂಬಣ್ಣ ಅಂತ ಯಾರೋ ಇದ್ದನಂತ. ಈ ಹುಡುಗಿ ಯಾರಾಕಿ ಅಂದ್ರ, ನಮ್ಮ ಮಗಳರೀ, ಬಂಗಾರದಂಥಾ ಹುಡುಗಿ ಅಂದನಂತ.”

ಸಕ್ಕೂಬಾಯಿ ಎದ್ದು ಸೆರಗು ಝಾಡಿಸಿದಳು.

“ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ ಹಿರಿಯರು. ನೀ ಒಂದೇ ಸುಳ್ಳು ಹೇಳಿ ಮದುವಿ ಮುರದಿ, ಪ್ರಹ್ಲಾದಾ!”

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ವನಮಾಲಾಳ ಮುಖದಲ್ಲಿ ನಗು ಇರಲಿಲ್ಲ. ರಾಯರು ಕಣ್ಣೆತ್ತಿ ನೋಡಲಾರದೆ ಹೋದರು.

“ಮೋಸಗಾರರು, ವನೂ,” ಎಂದು ತಡವರಿಸಿದರು. “ಅಂಬಣ್ಣ ಅಂತ ಯಾರೋ ಹೇಳಿದ್ದು ನಂಬ್ತಾರಂದ್ರ, ಅವರೆಂಥಾ ಮಂದಿ?”

“ಹೊರಗಿನಾಂವ ಮಗಳು ಅಂದ, ಹಡದಪ್ಪ ಅಲ್ಲ ಅಂದ,” ಎಂದಳು ವನಮಾಲಾ. “ಮತ್ಯಾರನ್ನ ನಂಬಬೇಕಿತ್ತು ಅಪ್ಪಾ, ಅವರು?”

ಅವಳು ಒಳಗೆ ಹೋದಳು. ಮುಂದಿನ ಐತವಾರ ಕಮಲಾಪುರಕ್ಕೆ ಊಟಕ್ಕೆ ಹೋಗುವಾಗ ಯಾವ ಸೀರೆ ಉಡಬೇಕು ಎಂದು ತಾಯಿಯನ್ನು ಕೇಳುತ್ತಿದ್ದುದು ಹೊರಗೆ ಕೂತ ರಾಯರಿಗೆ ಕೇಳಿಸಿತು. ಅವರನ್ನು ಯಾರೂ ಕರೆಯಲಿಲ್ಲ.