ಭಾವ, ಯಾವಾಗಿನಿಂದ ಕುಡಿಯುತ್ತೀರಿ?

ನನ್ನ ಅನುಭವವನ್ನು ನಂಬುವುದಾದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಕುಡಿಯುವವರು ಒಬ್ಬರೂ ಇಲ್ಲ. ವೈನ್ ಶಾಪಿನ ಮುಂದೆ ಸಂಜೆ ನಿಂತಿರುವವರೆಲ್ಲ ಬಹುಶಃ ಬಸ್ಸಿಗೆ ಕಾಯುತ್ತಿರುತ್ತಾರೆ. ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುವ ಅಧ್ಯಯನಕ್ಕೆ ತಾವಾಗಿಯೇ ಬರುವ ಜನರನ್ನು ಕೂರಿಸಿಕೊಂಡು, ಕುಡಿತ, ಹೊಗೆಸೊಪ್ಪು, ಗಾಂಜಾ, ನಿದ್ದೆ ಮಾತ್ರೆಗಳ ಹಳೆಯ ಚರಿತ್ರೆಯನ್ನು ಕೇಳುವುದೇ ನನ್ನ ಕೆಲಸ. ಕೋಟೆ ಕಡೆಯ ಅಜ್ಜಿಯೊಬ್ಬರು ದವಡೆ ಉಬ್ಬಿಸಿಕೊಂಡೇ, "ಒಗೆಸೊಪ್ಪಾ? ನಾವು ಬೆಳಿಯೋದಷ್ಟೇ ಕಣಪ್ಪ, ಮುಟ್ಟಾಕಿಲ್ಲ" ಎಂದರು. ಹೇಳಿ ಮುಗಿಸಿ ಉಗುಳಲು ಹೊರಗೆ ಹೋದರು.

ನಮ್ಮ ಡಾಕ್ಟರಮ್ಮ ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು. ಇದು ನಡತೆ ಅಳೆಯುವ ಪ್ರಶ್ನೆಯಲ್ಲ. ಕುಡಿತದಿಂದ ಸೋತಿರುವ ಲಿವರು ಹೊಸ ಮಾತ್ರೆಯನ್ನು ತಾಳದೆ ಹೋಗಬಹುದು. ಆಮೇಲೆ ತೊಂದರೆಯಾದದ್ದು ಮಾತ್ರೆಯಿಂದಲೋ ಕುಡಿತದಿಂದಲೋ ತಿಳಿಯುವುದೂ ಇಲ್ಲ. ಆದ್ದರಿಂದ ಮುಖ ಗಂಟಿಕ್ಕದೆ ಕೇಳಬೇಕು, ಬುದ್ಧಿ ಹೇಳಬಾರದು, ಕೇಳಿದ್ದನ್ನು ಹೊರಗೆ ಆಡಬಾರದು. ನನಗೆ ಕಷ್ಟವಾದದ್ದು ಎರಡನೆಯದು. ಬುದ್ಧಿ ಹೇಳುವುದು ನಮ್ಮ ಮನೆತನದ ಕಸುಬು.

ಹೀಗಿರುವಾಗ ಒಂದು ಬೆಳಿಗ್ಗೆ ಹುಣಸೂರಿನ ಗುರುಪುರದ ಕಡೆಯಿಂದ ನನ್ನ ಅಕ್ಕ, ಭಾವನನ್ನು ಕರೆದುಕೊಂಡು ಬಂದಳು. ಭಾವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಿಜ. ಕುಡಿತ ಇದ್ದದ್ದು ಅದಕ್ಕಿಂತ ನಿಜ. ಹಬ್ಬಕ್ಕೆ ಹೋದಾಗಲೆಲ್ಲ ಊಟವಾದ ಮೇಲೆ ಅವರಿಗೆ ಬುದ್ಧಿ ಹೇಳಿ ಎಲೆ ಅಡಿಕೆ ಹಾಕಿಕೊಳ್ಳುವುದು ನನ್ನ ವಾಡಿಕೆಯಾಗಿತ್ತು. ಅಕ್ಕ ನನ್ನನ್ನು ಪಕ್ಕಕ್ಕೆ ಎಳೆದಳು.

"ಕುಡಿಯಾಕಿಲ್ಲ ಅಂತ ಬರ್ಕೊಬುಡು ಕಣ್ಲಾ. ಇಲ್ಲಿ ಸೇರ್ಕಂಡ್ರೆ ಮ್ಯಾಲಿಂದ ಮ್ಯಾಲೆ ರಕ್ತ ನೋಡ್ತಾರಂತೆ. ಆ ಎದ್ರಿಕೆಗಾದ್ರೂ ಬುಟ್ಟಾರು."

"ಮಾತ್ರೆ ಜೊತೆ ಕುಡಿದ್ರೆ ಜೀವಕ್ಕೇ ಅಪಾಯ ಅಕ್ಕ" ಎಂದೆ.

"ಮಾತ್ರೆ ಇಲ್ದೆ ಕುಡಿದ್ರೆ ಉಳ್ಕತಾರಾ?" ಎಂದಳು. ಅದಕ್ಕೆ ನಾನು ತರಬೇತಿ ಪಡೆದಿರಲಿಲ್ಲ.

ಅವಳನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಭಾವನನ್ನು ಎದುರಿಗೆ ಕೂರಿಸಿಕೊಂಡು, "ಕುಡೀತೀರಾ ಭಾವ?" ಎಂದೆ.

"ನಿಂಗೊತ್ತಿಲ್ವೇನ್ಲಾ?" ಎಂದು ನಕ್ಕರು.

"ಗೊತ್ತು. ಆದ್ರೂ ಕೇಳ್ಬೇಕು. ಯಾವಾಗಿಂದ?"

ಹರೆಯದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಕಾಯುವಾಗ ನಿದ್ದೆ ತಡೆಯಲೆಂದು ಯಾರೋ ಕೊಟ್ಟರಂತೆ. ಆಮೇಲೆ ಹಬ್ಬಕ್ಕೆ, ಮದುವೆಗೆ, ಅಷ್ಟೇ. ನಾನು ಮುಂದಿನ ಪ್ರಶ್ನೆ ಕೇಳಿದೆ: "ಜಾಸ್ತಿ ಆಗಿದ್ದು ಯಾವಾಗ?"

ಭಾವ ನನ್ನ ಮುಖವನ್ನೇ ನೋಡಿದರು. ಬೈಗುಳ ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದರೋ ಏನೋ.

"ಗೌರಿ ನಮ್ಮನ್ನ ಬುಟ್ಟೋದ್ಮೇಲೆ" ಎಂದರು.

ಗೌರಿ ಅವರ ಒಬ್ಬಳೇ ಮಗಳು. ಪಿಯುಸಿ ಓದುತ್ತಿದ್ದಾಗ ಜ್ವರ ಬಂದು, ಮೈಸೂರಿಗೆ ಸಾಗಿಸುವ ದಾರಿಯಲ್ಲೇ ತೀರಿಕೊಂಡಿದ್ದಳು.

"ಜ್ವರ ಅಂದ್ಲು ಕಣ್ಲಾ. ಬ್ಯಾರನ್ನಾಗೆ ಸೊಪ್ಪು ಬೇಯ್ತಿತ್ತು, ಬೆಂಕಿ ಬುಟ್ಟು ಬರಂಗಿರ್ನಿಲ್ಲ. ನಾಳೀಕೆ ಆಸ್ಪತ್ರೆಗೆ ಕರ್ಕಂಡೋಯ್ತೀನಿ ಕೂಸೇ ಅಂದೆ. ಆ ವರ್ಷ ಸೊಪ್ಪಿಗೆ ಒಳ್ಳೆ ರೇಟು ಸಿಕ್ತು."

ಅಷ್ಟು ವರ್ಷ ಬುದ್ಧಿ ಹೇಳಿದವನು ನಾನು. ಈ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪ್ರಶ್ನೆಪಟ್ಟಿಯಲ್ಲಿ ಯಾರೋ ಬರೆದುಕೊಟ್ಟಿದ್ದರು, ಅದಕ್ಕೆ ಕೇಳಿದೆ.

ಡಾಕ್ಟರಮ್ಮ ಭಾವನನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಿಲ್ಲ. ಕಣ್ಣು, ಹೊಟ್ಟೆ ನೋಡಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. "ನಿಜ ಏಳಿದ್ದಕ್ಕೆ ಬ್ಯಾಡ ಅಂದ್ರು" ಎಂದು ಭಾವ ಹೊರಗೆ ಬಂದು ಅಕ್ಕನಿಗೆ ಹೇಳಿದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದಳು. ಭಾವನ ಲಿವರು ಆಗಲೇ ಕೈಕೊಟ್ಟಿತ್ತು. ಭಾವ ಕುಡಿಯುವುದನ್ನು ನಿಲ್ಲಿಸಿದರು; ನಿಲ್ಲಿಸಿದ ಮೇಲೆ ಹೆಚ್ಚು ದಿನ ಬದುಕಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಕ್ಕ ನನ್ನ ಪಕ್ಕದಲ್ಲಿ ಬಂದು ಕುಳಿತಳು. "ಅವತ್ತು ಬಾಗ್ಲಾಕ್ಕಂಡು ಏನೇಳುದ್ರು?" ಎಂದಳು.

ಹೇಳುವಂತಿಲ್ಲ ಎಂದೆ. ನಿಯಮ ಎಂದೆ.

"ಅವರ ಜೊತ್ಗೆ ಬಾಳುದೋಳು ನಾನು. ಗೊತ್ತಿರೋನು ನೀನಾ?"

ಅವರು ಅಧ್ಯಯನಕ್ಕೆ ಸೇರಿಯೇ ಇರಲಿಲ್ಲವಲ್ಲ ಎಂದು ನನಗೆ ಅನುಕೂಲವಾದ ಇನ್ನೊಂದು ನಿಯಮವನ್ನು ನಾನೇ ಮಾಡಿಕೊಂಡು, ಹೇಳಿಬಿಟ್ಟೆ. ಬ್ಯಾರನ್ನು, ಜ್ವರ, ನಾಳೀಕೆ, ಎಲ್ಲವನ್ನೂ.

ಅಕ್ಕ ಅಳಲಿಲ್ಲ. "ಅವರು ಬೆಂಕಿ ಬುಟ್ಟು ಬ್ಯಾರನ್ನಿಂದ ಬಂದಿದ್ರು ಕಣ್ಲಾ, ಕರ್ಕಂಡೋಯ್ತೀನಿ ಅಂತ್ಲೇ. ನಾನೇ ಬ್ಯಾಡ ಅಂದೆ. ಕಷಾಯ ಕುಡುಸ್ತೀನಿ, ಸೊಪ್ಪು ಕೆಟ್ಟೋಯ್ತದೆ, ನೀವು ಓಗಿ ಅಂದೆ" ಎಂದಳು.

ಅವಳು ಅದನ್ನು ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದಳು, ಕುಡಿಯದೆಯೇ. ನಾನು ಒಂದು ದಿನವೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳಬಹುದಿತ್ತು, ನಿಜ. ಆದರೆ ಅವಳನ್ನು ಕೇಳಲೆಂದು ನನಗೆ ಯಾರೂ ಸಂಬಳ ಕೊಟ್ಟಿರಲಿಲ್ಲ.