ಕರಿ ಕುರಿ ಕಳವಿನ ತನಿಖೆ

"ಕುರಿ ಕಾಯೋರ ಮನ್ಯಾಗ ಡಿಗ್ರಿನಾ? ಅದೂ ಕಳ್ಳರ ಬಗ್ಗಿ ಓದಾ? ಆಗಂಗಿಲ್ಲ ಬಿಡವ್ವ!"

ನಾನು ಅಪರಾಧಶಾಸ್ತ್ರ ಓದಲು ವಿಶ್ವವಿದ್ಯಾಲಯಕ್ಕೆ ಸೇರಿದ ದಿನ ಹೀಗೆ ತೀರ್ಪು ಕೊಟ್ಟವನು ಸೋದರಮಾವ ಭೀಮಣ್ಣ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಅಪರಾಧವನ್ನು ಸ್ವತಃ ತನಿಖೆ ಮಾಡಿ ವರದಿ ಬರೆಯಬೇಕಿತ್ತು. ವರದಿ ಇಲ್ಲದಿದ್ದರೆ ಡಿಗ್ರಿಯೂ ಇಲ್ಲ. ನಾನು ನಮ್ಮೂರು ಬೋನಾಳವನ್ನೇ ಆರಿಸಿಕೊಂಡೆ. ನಮ್ಮ ವಿಭಾಗದ ಸರ್‌ಗೆ ಕೊಟ್ಟ ಕಾರಣ, ಗ್ರಾಮೀಣ ಅಪರಾಧಗಳ ಅಧ್ಯಯನ. ನಿಜವಾದ ಕಾರಣ, ಹಾಸ್ಟೆಲ್ಲಿನಲ್ಲಿ ಅಪ್ಪನ ನೆನಪಾಗಿ ಅನ್ನ ಇಳಿಯುತ್ತಿರಲಿಲ್ಲ.

ಊರಿಗೆ ಬಂದರೆ ಅಪ್ಪ ಇಲ್ಲ! ಹಿಂಡು ಹೊಡೆದುಕೊಂಡು ಶಹಾಪುರದ ಕಡೆ ಹೋಗಿದ್ದ. ಅಪರಾಧವೂ ಇಲ್ಲ! ಎಂಟು ದಿನ ಕಾದೆ. ಯಾರೂ ಒಂದು ಕೋಳಿಯನ್ನೂ ಕದಿಯಲಿಲ್ಲ. ಊರವರ ಪ್ರಾಮಾಣಿಕತೆ ನನ್ನ ಭವಿಷ್ಯವನ್ನೇ ಹಾಳು ಮಾಡುತ್ತಿತ್ತು!

ಒಂಬತ್ತನೇ ದಿನ ಎದ್ದು ನೋಡಿದರೆ ದೊಡ್ಡಿಯಲ್ಲಿ ಹಾಲು ಕೊಡುವ ಕರಿ ಕುರಿ ಮಾಯ. ನಾನು ಕುಣಿಯುವುದೊಂದೇ ಬಾಕಿ! ಅವ್ವ ಆಗಲೇ ಹತ್ತಿ ಬಿಡಿಸಲು ಹೋಗಿದ್ದಳು. ದೊಡ್ಡಿಯ ಸುತ್ತ ಅವಳ ಹಳೇ ಸೀರೆ ಕಟ್ಟಿ, "ಯಾರೂ ಒಳಗ ಬರಬ್ಯಾಡ್ರಿ!" ಎಂದು ಆಜ್ಞೆ ಹೊರಡಿಸಿದೆ. ಕೆಸರಿನಲ್ಲಿ ಮೂಡಿದ್ದ ಹೆಜ್ಜೆಯ ಅಚ್ಚು ತೆಗೆಯಲು ಪ್ಲಾಸ್ಟರ್ ಪುಡಿ ಕಲಸಿದೆ. ಮೊದಲ ಸಲ ನೀರು ಹೆಚ್ಚಾಗಿ ಅಂಬಲಿಯಾಯಿತು. ಎರಡನೇ ಸಲ ಅಚ್ಚಿನ ಜೊತೆ ನನ್ನ ದುಪಟ್ಟಾದ ತುದಿಯೂ ಗಟ್ಟಿಯಾಯಿತು.

ಮಧ್ಯಾಹ್ನ ಜನ ಸೇರಿದರು. ಮಾವನೂ ಬಂದ. ದುಪಟ್ಟಾ ಸಮೇತ ಅಚ್ಚನ್ನು ಎತ್ತಿ ಹಿಡಿದೆ.

"ಕಳ್ಳ ಗಂಡಸದಾನ. ಎತ್ತರ ಆಳು. ಎಡಗಾಲು ಎಳದು ನಡೀತಾನ. ನಮ್ಮೂರಾವ ಅಲ್ಲ!"

ಹೊಲದಿಂದ ಬಂದ ಅವ್ವ ಒಮ್ಮೆ ನೋಡಿದಳು, ಅಷ್ಟೇ. "ಹುಚ್ಚಿ, ಅದು ನಿಮ್ಮಪ್ಪನ ಹೆಜ್ಜಿ! ಹಿಂಡಿನ್ಯಾಗ ಒಂದು ಮರಿ ತಬ್ಬಲಿ ಆಗ್ಯಾದ. ಹಾಲು ಕುಡಸಾಕ ನಸುಕಿನ್ಯಾಗ ಬಂದು ಕುರಿ ಒಯ್ದಾನ."

"ಭೇಷ್!" ಎಂದ ಮಾವ. "ಮೊದಲನೇ ಕೇಸಿಗೇ ಹಡದಪ್ಪನ್ನ ಹಿಡದ್ಯಲ್ಲವ್ವ!"

ಎಲ್ಲರೂ ನಕ್ಕರು. ನಮ್ಮ ಮಂದಿ ಧೂಳಿನ ಗುರುತು ನೋಡಿಯೇ ಯಾರು ಹೋದರು, ಯಾರ ಕುರಿ ಹೋಯಿತು ಎಂದು ಹೇಳುತ್ತಾರೆ. ಚಿಕ್ಕವಳಿದ್ದಾಗ ನಾನೂ ಹೇಳುತ್ತಿದ್ದೆ. ಮೂರು ವರ್ಷ ಹೆಜ್ಜೆ ಗುರುತಿಸುವ ಶಾಸ್ತ್ರ ಓದಿ, ಅಪ್ಪನ ಹೆಜ್ಜೆ ಮರೆತಿದ್ದೆ!

"ಕಾಲಿಗೇನಾಗ್ಯಾದ ಅಪ್ಪಗ?"

"ಮುಳ್ಳು ಮುರದಾದ."

"ನನ್ನ ಯಾಕ ಎಬ್ಬಸಲಿಲ್ಲಬೇ?"

"ನಾ ಎಬ್ಬಸ್ತಿದ್ದೆ. 'ಓದಿ ದಣದಾಳ, ಮಕ್ಕೊಳ್ಳಿ ಬಿಡು' ಅಂದ. ಬಾಗಿಲದಾಗ ನಿಂತು ನೋಡಿ ಹೋದ."

ಬೇರೆ ದಾರಿಯಿಲ್ಲದೆ ಅದನ್ನೇ ವರದಿಯಾಗಿ ಬರೆದು ಒಪ್ಪಿಸಿದೆ.

"ಆರೋಪಿ ಯಾರು?" ಸರ್ ಕೇಳಿದರು.

"ನಮ್ಮಪ್ಪ ಸರ್."

"ಅಪರಾಧ?"

"ನನ್ನನ್ನ ಎಬ್ಬಿಸದೇ ಹೋದದ್ದು ಸರ್."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಅಪರಾಧ ಆಗಿಲ್ಲ ಅಂತ ಕಂಡುಹಿಡಿಯೋದೂ ತನಿಖೆನೇ" ಎಂದು ಸಹಿ ಹಾಕಿದರು. ಪಾಸಾದೆ!

ಪ್ರಮಾಣಪತ್ರ ಕೈಗೆ ಬಂದ ದಿನ ಮನೆಗೆ ಹೋಗಲಿಲ್ಲ. ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಬಸ್ ಇಳಿದು ಹಿಂಡು ಹುಡುಕುತ್ತ ಹೊರಟೆ. ಅಪರಾಧಶಾಸ್ತ್ರದ ಪದವೀಧರೆ ಆರು ಜನರನ್ನು ದಾರಿ ಕೇಳಿ, ಮೂರು ಸಲ ದಾರಿ ತಪ್ಪಿ, ಕೊನೆಗೂ ಸ್ವಂತ ತಂದೆಯನ್ನು ಪತ್ತೆ ಹಚ್ಚಿದಳು!

ಅಪ್ಪ ಧೋತರಕ್ಕೆ ಕೈ ಒರೆಸಿಕೊಂಡು, ಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವನಿಗೆ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದ. ನಾನು ಹೊಗಳಿಕೆಗಾಗಿ ಎದೆಯುಬ್ಬಿಸಿ ನಿಂತೆ.

"ಒಳಗಿಡವ್ವ, ಆಡು ತಿಂದಾವು" ಎಂದ.

ಆಮೇಲೆ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದ.

"ಓದು ಮುಗೀತಲ್ಲ. ಇನ್ನ ನಾಕ್ ದಿನ ನನ್ನ ಕೂಡ ಇರತೀ ಏನು?"