ಬೋಂಡನ ಸೊಂಟದ ಎಕ್ಸ್‌ರೇ

ನಮ್ಮ ಅಡುಗೆಯನ್ನು ಯಾರಾದರೂ ಆಡಿಕೊಂಡರೆ ಸಹಿಸಬಹುದು. ಉಟ್ಟ ಸೀರೆಯ ಬಣ್ಣ ಮಾಸಿದೆ ಎಂದರೂ ನಕ್ಕು ಸುಮ್ಮನಿರಬಹುದು. ಆದರೆ ನಾವು ಸಾಕಿದ ನಾಯಿಯ ಸೊಂಟದ ಮೇಲೆ ಯಾರಾದರೂ ಅನುಮಾನಪಟ್ಟರೆ ಹೊಟ್ಟೆಯೊಳಗೆ ಒಂದು ಬಗೆಯ ಉರಿ ಏಳುತ್ತದೆ. ಇಂಥದೊಂದು ಉರಿ ಲೋಕದಲ್ಲಿದೆ ಎಂಬುದೇ ನನಗೆ ಹೋದ ವರ್ಷದವರೆಗೆ ಗೊತ್ತಿರಲಿಲ್ಲ. ಹಾಗೆ ನೋಡಿದರೆ ನಾನು ಮೊದಲಿನಿಂದಲೂ ಗಾಬರಿಯ ಹೆಂಗಸು. ಕುಕ್ಕರ್ ಕೂಗುವುದು ಸ್ವಲ್ಪ ತಡವಾದರೆ ಸಿಡಿದೇಬಿಡುತ್ತದೆಂದು ಹಿತ್ತಿಲಿಗೆ ಹೋಗಿ ನಿಲ್ಲುವವಳು. ಯಜಮಾನರ ಫೋನು ಸ್ವಿಚ್ ಆಫ್ ಆಗಿದ್ದರೆ, ಅವರು ತಮ್ಮ ಹಾರ್ಡ್‌ವೇರ್ ಅಂಗಡಿಯಲ್ಲೇ ಕೂತು ಚಾರ್ಜರ್ ಹುಡುಕುತ್ತಿರುತ್ತಾರೆಂದು ಗೊತ್ತಿದ್ದರೂ, ನನ್ನ ಮನಸ್ಸು ಶಿವಮೊಗ್ಗದ ಆಸ್ಪತ್ರೆಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತದೆ. ಇಂಥವಳ ಕೈಗೆ ದೇವರು ಬೋಂಡನನ್ನು ಕೊಟ್ಟ.

ಬೋಂಡ ನಮ್ಮ ಲ್ಯಾಬ್ರಡಾರ್ ಗಂಡುನಾಯಿ. ಮನೆಗೆ ಬಂದ ದಿನ ಎಣ್ಣೆಯಿಂದ ಆಗತಾನೆ ಎತ್ತಿದ ಬೋಂಡದ ಬಣ್ಣದಲ್ಲಿ, ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಇದ್ದದ್ದರಿಂದ ಆ ಹೆಸರು ಬಂತು. ಬೆಳೆದ ಮೇಲೆ ಆಕಾರ ಬದಲಾಯಿತು, ಅಗಲವಾದ ತಲೆ, ಹೊಳೆಯುವ ಮೈ, ದಪ್ಪ ಬಾಲ. ಬೆಳಗ್ಗೆ ವಿದ್ಯಾನಗರದ ರಸ್ತೆಯಲ್ಲಿ ಕರೆದುಕೊಂಡು ಹೊರಟರೆ ಸ್ಕೂಟರ್ ನಿಲ್ಲಿಸಿ ನೋಡುವವರಿದ್ದರು. "ಎಷ್ಟ್ ಚೆನ್ನಾಗಿದಾನೆ ಮೇಡಂ!" ಎಂದು ಯಾರಾದರೂ ಹೇಳಿದರೆ ನಾನು ತಲೆ ತಗ್ಗಿಸಿ, ನಾಚಿಕೊಂಡು, "ಥ್ಯಾಂಕ್ಸ್" ಎನ್ನುತ್ತಿದ್ದೆ, ನನ್ನನ್ನೇ ಹೊಗಳಿದ ಹಾಗೆ. ಆ ಹೊಗಳಿಕೆ ತಲೆಗೇರಿದ್ದರಿಂದ ಆಫೀಸಿನಲ್ಲಿ ಕೇಳಿದವರಿಗೆಲ್ಲ ಮರಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಮ್ಯಾನೇಜರಿಗೆ ಹೆಣ್ಣುಮರಿ, ಕ್ಯಾಷಿಯರಿಗೆ ಗಂಡುಮರಿ, ಎದುರು ಟೇಬಲಿನ ಸುಮಾಳಿಗೆ "ಯಾವ್ದಾದ್ರೂ ಪರ್ವಾಗಿಲ್ಲ." ಬೋಂಡ ಇನ್ನೂ ಒಂದು ಹೆಣ್ಣುನಾಯಿಯ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ನಾನು ಅವನ ಸಂತಾನವನ್ನೆಲ್ಲ ಹಂಚಿ ಮುಗಿಸಿದ್ದೆ.

ಶಾಹಿದಾ ಟೀಚರ್ ಸಿಕ್ಕಿದ್ದು ಪಶುವೈದ್ಯರ ಬಳಿ ಚುಚ್ಚುಮದ್ದಿಗೆ ಕಾಯುತ್ತಿದ್ದಾಗ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ಅವರ ಜೊತೆಗಿದ್ದ ಹೆಣ್ಣು ಲ್ಯಾಬ್ರಡಾರಿನ ಹೆಸರು ನೂರಿ. ನೂರಿ ಬೋಂಡನನ್ನು ಮೂಸಿತು, ಬೋಂಡ ನಾಚಿ ನನ್ನ ಸೆರಗಿನ ಹಿಂದೆ ಬಂದ. ಮಾತಾಡುತ್ತ ಇವೆರಡನ್ನೂ ಜೋಡಿ ಮಾಡುವ ಯೋಚನೆ ಹುಟ್ಟಿ, ಮುಂದಿನ ಭಾನುವಾರ ನಾವು ಗಂಡ ಹೆಂಡತಿ ಬೋಂಡನಿಗೆ ಸ್ನಾನ ಮಾಡಿಸಿ ಕಾರಿನಲ್ಲಿ ಕೂರಿಸಿಕೊಂಡು ಭದ್ರಾವತಿಗೆ ಹೋದೆವು. ಚಹಾ ಬಂತು, ಬಿಸ್ಕತ್ತು ಬಂತು. ಮರಿಗಳು ಯಾವ ಬಣ್ಣದಲ್ಲಿ ಹುಟ್ಟಬಹುದು ಎಂದು ನಾನು ಮಾತು ತೆಗೆಯುವಷ್ಟರಲ್ಲಿ ಟೀಚರ್, ಮನೆಪಾಠ ಮಾಡಿಕೊಂಡು ಬಂದಿದ್ದೀಯಾ ಎಂದು ಕೇಳುವ ದನಿಯಲ್ಲಿ, "ಇವನ ಸೊಂಟದ ಎಕ್ಸ್‌ರೇ ಆಗಿದ್ಯಾ ಮೇಡಂ?" ಎಂದರು.

"ಸೊಂಟಕ್ಕೇನಾಗಿದೆ ಟೀಚರ್? ಅವ್ನು ಕಾಂಪೌಂಡ್ ಹಾರ್ತಾನೆ!"

"ಹಾರೋ ನಾಯಿಗೂ ತೊಂದ್ರೆ ಇರತ್ತೆ. ಹೊರಗಿಂದ ಗೊತ್ತಾಗಲ್ಲ. ಕಣ್ಣೂ ತೋರಿಸ್ಬೇಕು. ನೂರಿಗೆ ಎರಡೂ ಮಾಡ್ಸಿದೀನಿ, ಎರಡೂ ಸರಿ ಇದೆ."

ನನ್ನ ಮುಖ ಕಂಡು ಅವರಿಗೆ ಏನನ್ನಿಸಿತೋ, ದನಿ ತಗ್ಗಿಸಿ ಒಂದು ವಿಷಯ ಹೇಳಿದರು. ನೂರಿಗಿಂತ ಮೊದಲು ಅವರ ಮನೆಯಲ್ಲಿದ್ದ ನಾಯಿಗೆ ಯಾರೂ ಏನೂ ಪರೀಕ್ಷೆ ಮಾಡಿಸಿರಲಿಲ್ಲ. ಅದರ ಮರಿಯೊಂದನ್ನು ಅವರ ತಂಗಿ ಒಯ್ದಿದ್ದಳು. ಅದು ಬೆಳೆಯುತ್ತ ಬೆಳೆಯುತ್ತ ಹಿಂಗಾಲಿನ ಮೇಲೆ ಏಳಲಾರದೆ ಹೋಯಿತು. ತಂಗಿಯ ಮಕ್ಕಳು ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು, ಎರಡೂ ತುದಿ ಹಿಡಿದು ಎತ್ತಿ, ಅಂಗಳಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದರಂತೆ. "ಪಾಪ, ಯಾರಾದ್ರೂ ಬಂದ್ರೆ ಬಾಲ ಮಾತ್ರ ಜೋರಾಗಿ ಆಡಿಸ್ತಿತ್ತು ಮೇಡಂ. ಎದ್ದು ಬರಕ್ಕಾಗ್ತಿರ್ಲಿಲ್ಲ. ಇನ್ನೊಂದು ಸಲ ಅದನ್ನ ನೋಡಕ್ಕೆ ನನ್ ಕೈಲಾಗಲ್ಲ."

ವಾಪಸು ಬರುವಾಗ ಕಾರಿನಲ್ಲಿ ಯಜಮಾನರು ಗೊಣಗಿದರು. "ಏನ್ ಮಾರಾಯ್ತಿ ಇದು! ನಮ್ ಮದುವೇಲಿ ನನ್ ಎಕ್ಸ್‌ರೇ ಯಾರೂ ಕೇಳ್ಲಿಲ್ಲಪ್ಪ."

"ಕೇಳ್ಬೇಕಿತ್ತು ರೀ" ಎಂದೆ.

ಮರುದಿನವೇ ಪರಿಹಾರವೊಂದು ತಾನಾಗಿ ಅಂಗಡಿಗೆ ನಡೆದುಕೊಂಡು ಬಂತು. ರಾಗಿಗುಡ್ಡದ ಮಂಜಣ್ಣ, ಯಜಮಾನರ ಹಳೆಯ ಗಿರಾಕಿ. ಅವನ ಬಳಿಯೂ ಒಂದು ಹೆಣ್ಣು ಲ್ಯಾಬ್ರಡಾರ್ ಇದೆ. "ಎಕ್ಸ್‌ರೇ ಗಿಕ್ಸ್‌ರೇ ಏನೂ ಬೇಡ ಅಣ್ಣ, ನಿಮ್ ಬೋಂಡನ್ನ ನಾನೇ ನೋಡಿಲ್ವಾ" ಎಂದನಂತೆ. ಯಜಮಾನರು ಗೆದ್ದ ಮುಖದಲ್ಲಿ ಬಂದು ಹೇಳಿದರು. ನನಗೂ ಖುಷಿಯಾಗಬೇಕಿತ್ತು. ಆದರೆ ಆ ಟವೆಲ್ ಕಣ್ಣೆದುರಿಂದ ಹೋಗಲಿಲ್ಲ. ಬಟ್ಟೆ ಒಣಗಿಸುವಾಗ ಟವೆಲ್ ಕೈಗೆ ಬಂದರೆ ಅದನ್ನು ಬದಿಗಿಟ್ಟು ಬೇರೆ ಬಟ್ಟೆ ಎತ್ತಿಕೊಳ್ಳುತ್ತಿದ್ದೆ. ಬೋಂಡ ಮುಂದೆ, ನಾನು ಅವನ ಹಿಂದೆ, ಅವನ ಸೊಂಟವನ್ನೇ ನೋಡುತ್ತ ಬಗ್ಗಿ ಬಗ್ಗಿ ನಡೆಯತೊಡಗಿದೆ. ಎಡಕ್ಕೆ ಸ್ವಲ್ಪ ವಾಲುತ್ತಾನಾ? ಮೊದಲಿಂದಲೂ ಹೀಗೇನಾ? ಪಕ್ಕದ ಮನೆಯ ಪಾರ್ವತಮ್ಮನವರು ಗೇಟಿನಿಂದಲೇ, "ಓಲೆ ಬಿದ್ದೋಯ್ತೇನ್ರೀ?" ಎಂದು ಕೇಳಿ, ತಾವೂ ಬಂದು ರಸ್ತೆಯಲ್ಲಿ ಹುಡುಕಿದರು. ನಾಯಿಯ ಸೊಂಟ ನೋಡುತ್ತಿದ್ದೇನೆ ಎನ್ನಲು ನಾಚಿಕೆಯಾಗಿ ನಾನೂ ಅವರ ಜೊತೆ ಓಲೆ ಹುಡುಕಿದೆ. ಎರಡೂ ಓಲೆ ಕಿವಿಯಲ್ಲೇ ಇದ್ದವು.

ಕೊನೆಗೆ ಎಕ್ಸ್‌ರೇಗೆ ದಿನ ಗೊತ್ತುಮಾಡಿದೆವು. ಅಲ್ಲಾಡದೆ ಮಲಗಬೇಕಾದ್ದರಿಂದ ಮಂಪರು ಬರುವ ಔಷಧಿ ಕೊಡುತ್ತಾರೆ ಎಂದು ತಿಳಿದ ಮೇಲೆ ನನ್ನ ಹಳೆಯ ಗಾಬರಿಗಳೆಲ್ಲ ಸಣ್ಣವಾಗಿ ಹೋದವು. ಡಾಕ್ಟರು ತಾಳ್ಮೆಯ ಹೆಣ್ಣುಮಗಳು. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಬೋಂಡ ನನ್ನ ಮುಖ ನೋಡುತ್ತಲೇ ಕುಸಿದು, ನಾಲಿಗೆ ಪಕ್ಕಕ್ಕೆ ಬಿಟ್ಟು ಮಲಗಿದ. "ಉಸಿರಾಡ್ತಿದಾನಾ ಡಾಕ್ಟ್ರೇ?" ಎಂದು ನಾನು ಎಷ್ಟು ಸಲ ಕೇಳಿದೆನೆಂದರೆ ಅವರು ನಯವಾಗಿ ನನ್ನನ್ನು ಹೊರಗೆ ಕಳಿಸಿದರು. ಹೊರಗೆ ಯಜಮಾನರು ಗೋಡೆಯ ಮೇಲಿದ್ದ ಕಾಲುಬಾಯಿ ಜ್ವರದ ಪೋಸ್ಟರನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಅವರಿಗೂ ಹೆದರಿಕೆಯಾಗಿದೆ ಎಂದು ಆಗಲೇ ನನಗೆ ಗೊತ್ತಾದದ್ದು.

ಡಾಕ್ಟರು ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಆಳವಾಗಿ ಕೂತಿರಬೇಕು. ಬೋಂಡನ ಬಲಗಡೆ ಏನೋ ಪರವಾಗಿಲ್ಲ, ಎಡಗಡೆ ಅದು ಬಟ್ಟಲಿನ ಅಂಚಿಗೆ ಬಂದು ಕೂತಿತ್ತು. "ಈಗ ನೋವೇನಿಲ್ಲ ಅವನಿಗೆ. ತೂಕ ಇಳಿಸಿ, ಜಾರೋ ನೆಲದ ಮೇಲೆ ಓಡಾಡಿಸ್ಬೇಡಿ, ಕಾಂಪೌಂಡ್ ಹಾರಕ್ಕೆ ಬಿಡ್ಬೇಡಿ. ಚೆನ್ನಾಗೇ ಇರ್ತಾನೆ. ಆದ್ರೆ ಇವನಿಂದ ಮರಿ ಬೇಡ ಮೇಡಂ. ಇದು ಮಕ್ಕಳಿಗೆ ಹೋಗತ್ತೆ." ನಾನು ಅಲ್ಲೇ ನಿಂತು ಅತ್ತೆ. ಬೋಂಡನಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ತಲೆ ಎತ್ತಲು ಆಗದಿದ್ದರೂ ನನ್ನ ದನಿ ಕೇಳಿ ಬಾಲವನ್ನು ನೆಲಕ್ಕೆ ಪಟಪಟ ಬಡಿದ. ಇನ್ನಷ್ಟು ಅತ್ತೆ.

ಅದೇ ಸಂಜೆ ಮಂಜಣ್ಣನ ಫೋನು. "ಅಕ್ಕ, ನಮ್ದು ಈಗ ಹೀಟಿಗೆ ಬಂದಿದೆ. ನಾಳೆ ಕರ್ಕೊಂಡ್ ಬನ್ನಿ." ಯಜಮಾನರು ನನ್ನ ಮುಖ ನೋಡಿದರು. ಮ್ಯಾನೇಜರು, ಕ್ಯಾಷಿಯರು, ಸುಮಾ ಎಲ್ಲರೂ ಒಂದು ಗಳಿಗೆ ನನ್ನೆದುರು ಕೈಚಾಚಿ ನಿಂತ ಹಾಗಾಯಿತು. "ಇಲ್ಲ ಮಂಜಣ್ಣ, ಅವನ ಸೊಂಟ ಸರಿ ಇಲ್ಲ. ಇವತ್ತೇ ಎಕ್ಸ್‌ರೇ ತೆಗ್ಸಿದ್ವಿ" ಎಂದೆ.

"ಅಯ್ಯೋ, ಬಿಡಿ ಅಕ್ಕ. ಯಾರಿಗ್ ಗೊತ್ತಾಗತ್ತೆ?"

"ಮರಿಗೆ ಗೊತ್ತಾಗತ್ತೆ ಮಂಜಣ್ಣ. ನಿಮ್ದಕ್ಕೂ ಒಂದ್ಸಲ ತೆಗೆಸ್ಬಿಡಿ" ಎಂದೆ. ಅವನು "ನೋಡಣ" ಎಂದು ಫೋನಿಟ್ಟ. ನನ್ನ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ಯಜಮಾನರು ಎದ್ದು ಹೋಗಿ ತಾವೇ ಕಾಫಿ ಮಾಡಿದರು. ಸಕ್ಕರೆ ಮರೆತಿದ್ದರು, ನಾನು ಹಾಗೇ ಕುಡಿದೆ.

ಶಾಹಿದಾ ಟೀಚರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಫೇಲಾದ ಹುಡುಗನ ತಾಯಿ ಮೇಷ್ಟರ ಮನೆಗೆ ಹೋದಂತೆ ತಡವರಿಸಿದೆ. ಅವರು ಪೂರ್ತಿ ಕೇಳಿ, "ಹೇಳಿದ್ರಲ್ಲ ಮೇಡಂ, ಎಷ್ಟೋ ಜನ ಫೋನೇ ಎತ್ತಲ್ಲ" ಎಂದರು. ಆಫೀಸಿನಲ್ಲಿ ವಿಷಯ ತಿಳಿಸಿದಾಗ ಮ್ಯಾನೇಜರು ಎದ್ದು ನಿಂತು, "ಛೆ, ಧೈರ್ಯ ತಗೊಳ್ಳಿ" ಎಂದು ಸಾವಿನ ಮನೆಯಲ್ಲಿ ಹೇಳುವಂತೆ ಹೇಳಿದರು.

ಕೆಲವು ತಿಂಗಳ ಮೇಲೆ ನೂರಿಗೆ ಮರಿಗಳಾದವು. ಗಂಡು ದಾವಣಗೆರೆಯದಂತೆ, ಸೊಂಟ, ಕಣ್ಣು ಎಲ್ಲ ಪಾಸಾದದ್ದು. ಟೀಚರೇ ಫೋನು ಮಾಡಿದರು. "ಒಂದು ಮರಿ ನಿಮಗೆ ಕೊಡಣ ಅಂತಿದೀನಿ. ಬೋಂಡನಿಗೂ ಜೊತೆ ಆಗತ್ತೆ. ಆದ್ರೆ ಮೊದ್ಲು ನಿಮ್ಮನೆ ನೋಡ್ಬೇಕು." ಅಂದರೆ ಈ ಸಲ ಪರೀಕ್ಷೆ ನಮಗೆ! ಮನೆಯಲ್ಲಿ ಯುದ್ಧದ ತಯಾರಿಯಾಯಿತು. ನಾನು ಆಸೆಪಟ್ಟು ಹಾಕಿಸಿದ್ದ ಹೊಳೆಯುವ ಟೈಲ್ಸಿನ ಮೇಲೆ ಉದ್ದಕ್ಕೂ ರಬ್ಬರ್ ಮ್ಯಾಟ್ ಬಿತ್ತು. ಮೆಟ್ಟಿಲಿಗೆ ಯಜಮಾನರು ಸಣ್ಣದೊಂದು ಗೇಟು ಕೂರಿಸಿದರು.

ಟೀಚರ್ ಬಂದರು. ಮ್ಯಾಟ್ ಒತ್ತಿ ನೋಡಿದರು, ಗೇಟು ಅಲ್ಲಾಡಿಸಿ ನೋಡಿದರು, ತಲೆದೂಗಿದರು. ನಂತರ ಬೋಂಡನ ಪಕ್ಕೆಯ ಮೇಲೆ ಕೈಯಾಡಿಸಿ, "ತೂಕ ಇಳ್ದಿಲ್ವಲ್ಲ ಮೇಡಂ?" ಎಂದರು.

"ಅದೇ ನಂಗೂ ಅರ್ಥ ಆಗ್ತಿಲ್ಲ ಟೀಚರ್. ಅಳೆದೇ ಹಾಕ್ತೀನಿ. ನಮ್ ತಟ್ಟೆಯಿಂದ ಒಂದು ಚೂರೂ ಕೊಡಲ್ಲ" ಎಂದೆ. ಯಜಮಾನರು ಯಾಕೋ ಫ್ಯಾನಿನ ಕಡೆ ನೋಡತೊಡಗಿದರು.

ಕಾಫಿ, ಚಕ್ಕುಲಿ ತಂದಿಟ್ಟು ನಾನೂ ಕೂತೆ. ಟೀಚರ್ ಮರಿಗಳ ಬಗ್ಗೆ ಹೇಳುತ್ತಿದ್ದರು, ನಾನು ಮೈಮರೆತು ಕೇಳುತ್ತಿದ್ದೆ. ಬೋಂಡ ಎದ್ದ. ಟೀಚರನ್ನು ದಾಟಿದ, ಯಜಮಾನರನ್ನು ದಾಟಿದ, ನೇರ ನನ್ನ ಕುರ್ಚಿಯ ಎಡಗಡೆಗೆ ಬಂದು ಶಿಸ್ತಾಗಿ ಕೂತ. ಟೀಚರ್ ಎಲ್ಲಿ ನೋಡುತ್ತಿದ್ದಾರೆಂದು ನಾನೂ ನೋಡಿದೆ. ನನ್ನ ಎಡಗೈ, ನನ್ನನ್ನು ಒಂದು ಮಾತೂ ಕೇಳದೆ, ಅರ್ಧ ಚಕ್ಕುಲಿ ಹಿಡಿದು ಆಗಲೇ ಕುರ್ಚಿಯ ಕೆಳಗೆ ಇಳಿದಿತ್ತು.

"ಈ ಸಲದ ಮರಿ ಬೇರೆಯವ್ರಿಗೆ ಕೊಡ್ತೀನಿ ಮೇಡಂ" ಎಂದರು ಟೀಚರ್, ನಗು ತಡೆದುಕೊಳ್ಳುತ್ತ. ಬೋಂಡನ ದೋಷ ಕಂಡುಹಿಡಿಯಲು ಅವನನ್ನು ಮಲಗಿಸಿ ಎಕ್ಸ್‌ರೇ ತೆಗೆಯಬೇಕಾಯಿತು. ನನ್ನದನ್ನು ಅವರು ಕಾಫಿ ಕುಡಿಯುತ್ತ ಬರಿಗಣ್ಣಿನಲ್ಲೇ ನೋಡಿಬಿಟ್ಟರು.